ನಗುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕಾದ ದಿನಗಳು

ಬಾಯಿ ಮುಕ್ಕಳಿಸಿದ ನೀರು ಬೇಸಿನ್ನಿಗೆ ಬೀಳಲಿಲ್ಲ. ತುಟಿಯ ಎಡಗಡೆಯಿಂದ ತಾನಾಗಿ ಸೋರಿ ಕುತ್ತಿಗೆಗೆ ಇಳಿಯಿತು. ಸೋಮವಾರ, ಬೆಳಿಗ್ಗೆ ಆರು ನಲವತ್ತು. ಹಿಂದಿನ ದಿನ ಎಡಕಿವಿಯ ಹಿಂದೆ ಸಣ್ಣ ನೋವಿತ್ತು. ಡೈರಿಯಲ್ಲಿ ಬರೆದಿದ್ದೆ, ಮರೆತಿದ್ದೆ. ಕನ್ನಡಿ ನೋಡಿದೆ.

ಬಲಗಡೆ ನಾನಿದ್ದೆ. ಎಡಗಡೆ ಯಾರೂ ಇರಲಿಲ್ಲ.

ವೇಲಚೇರಿಯ ನಮ್ಮ ಫ್ಲ್ಯಾಟಿನಿಂದ ಆಸ್ಪತ್ರೆಗೆ ಆಟೋದಲ್ಲಿ ಹನ್ನೊಂದು ನಿಮಿಷ. ಅಮ್ಮ ದಾರಿಯುದ್ದಕ್ಕೂ ನನ್ನ ಎಡಗೈ ಹಿಡಿದು, ಪ್ರತಿ ಸಿಗ್ನಲ್‌ನಲ್ಲೂ "ಒತ್ತು ನೋಡೋಣ" ಎನ್ನುತ್ತಿದ್ದಳು. ನಾಲ್ಕು ಸಲ ಒತ್ತಿದೆ. ನ್ಯೂರಾಲಜಿಸ್ಟ್ ಕೈಕಾಲು ಪರೀಕ್ಷಿಸಿ, ಹಣೆ ಸುಕ್ಕು ಮಾಡಲು ಹೇಳಿದರು. ಅರ್ಧ ಹಣೆ ಸುಕ್ಕಾಯಿತು, ಅರ್ಧ ನುಣುಪಾಗಿಯೇ ಉಳಿಯಿತು. ಅದನ್ನು ನೋಡಿ ಅವರು ಸಮಾಧಾನಪಟ್ಟಿದ್ದು ನನಗೆ ವಿಚಿತ್ರವೆನಿಸಿತು.

ಸ್ಟ್ರೋಕ್ ಅಲ್ಲ. ಆಗಿದ್ದರೆ ಹಣೆ ಎರಡೂ ಕಡೆ ಸುಕ್ಕಾಗುತ್ತಿತ್ತಂತೆ.

ಬೆಲ್ಸ್ ಪಾಲ್ಸಿ. ಮುಖದ ನರಕ್ಕೆ ಊತ. ಸ್ಟೀರಾಯ್ಡ್ ಮಾತ್ರೆ, ಮುಚ್ಚಲಾಗದ ಎಡಗಣ್ಣಿಗೆ ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್.

"ಹೆಚ್ಚಿನವರಿಗೆ ವಾಪಸ್ ಬರುತ್ತೆ," ಎಂದರು.

"ಎಲ್ಲರಿಗೂ ಬರುತ್ತಾ ಡಾಕ್ಟರ್?"

"ಹೆಚ್ಚಿನವರಿಗೆ."

ನಾನು ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. 'ಹೆಚ್ಚಿನವರು' ಎಂಬ ಪದದ ಹಿಂದೆ ವಾಪಸ್ ಬರದ ಯಾರು ಕೂತಿರುತ್ತಾರೆ ಎಂದು ನನಗೆ ಗೊತ್ತು.

ಮನೆಯಲ್ಲಿ ಅನಘ, ನನ್ನ ತಂಗಿ, ಹನ್ನೆರಡನೇ ಕ್ಲಾಸು ಓದುವವಳು, ನನ್ನ ಮುಖವನ್ನು ಒಂದು ನಿಮಿಷ ನೋಡಿದಳು. ಇಲ್ಲಿಯೇ ಶಾಲೆಗೆ ಹೋದ ಅವಳಿಗೆ ಕನ್ನಡದಲ್ಲಿ ಕೇಳಿದರೂ ಉತ್ತರ ತಮಿಳಿನಲ್ಲೇ. "ಅಕ್ಕಾ, ಕಡೈಸಿಲ ನೀಯೇ ಏಲಿಯನ್ ಆಯಿಟ್ಟ," ಎಂದಳು. ಕೊನೆಗೂ ನೀನೇ ಏಲಿಯನ್ ಆಗಿಬಿಟ್ಟೆ ಎಂದು. ನಾನು ನಕ್ಕೆ. ಅರ್ಧ ಮುಖ ಬಲಕ್ಕೆ ಎಳೆದುಕೊಂಡಿತು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಏಲಿಯನ್ ಮಾತು ಸುಮ್ಮನೆ ಬಂದಿದ್ದಲ್ಲ. ಹಾಸನದಿಂದ ನಾವು ಚೆನ್ನೈಗೆ ಬಂದಾಗ ನಾನು ಆರನೇ ಕ್ಲಾಸು. ನನ್ನ ತಮಿಳಿಗೆ ಕ್ಲಾಸೆಲ್ಲ ನಗುತ್ತಿತ್ತು, ನನ್ನ ಮುಖ ತಕ್ಷಣ ಕೆಂಪಾಗುತ್ತಿತ್ತು. ಮನೆಯಲ್ಲಿ ಅಮ್ಮನೂ ಮುಖವನ್ನೇ ಓದುವವಳು: ಮುಖ ಯಾಕೆ ಸಪ್ಪಗಿದೆ, ಯಾಕೆ ಗಂಟು ಹಾಕ್ಕೊಂಡಿದೀಯ. ನನ್ನ ಗುಟ್ಟನ್ನೆಲ್ಲ ಮುಖವೇ ಊರಿಗೆ ಹೇಳುತ್ತಿತ್ತು. ಆಗ ಲೈಬ್ರರಿಯಲ್ಲಿ ಅಂತರಿಕ್ಷದ ಕಥೆಗಳು ಸಿಕ್ಕವು. ಅವುಗಳಲ್ಲಿ ಬಹಳಷ್ಟು ನೌಕೆಗಳಲ್ಲಿ ಬೇರೆ ಗ್ರಹದ ಒಬ್ಬರಿರುತ್ತಾರೆ. ಎಲ್ಲರೂ ಕಿರುಚುವಾಗ ಅವರು ಮುಖದ ಒಂದು ಗೆರೆಯೂ ಅಲುಗದೆ, ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಹೇಳುತ್ತಾರೆ. ಅವರ ಮುಖ ನೋಡಿ ಯಾರೂ ಏನನ್ನೂ ಕದಿಯಲಾರರು. ಹನ್ನೊಂದು ವರ್ಷದಲ್ಲಿ ಅಂಥ ನಲವತ್ತಮೂರು ಪುಸ್ತಕ ಓದಿದ್ದೇನೆ, ಪಟ್ಟಿ ಇದೆ. ಅವರ ಹಾಗಾಗಬೇಕು ಎಂಬುದು ನನ್ನ ಗಂಭೀರ ಆಸೆಯಾಗಿತ್ತು.

ಡೈರಿಯಲ್ಲಿ ಐದು ಕಾಲಂ ಎಳೆದೆ. ಹಣೆ, ಕಣ್ಣು, ಕೆನ್ನೆ, ತುಟಿ, ಸೀಟಿ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಮೊದಲ ದಿನ ಐದೂ ಸೊನ್ನೆ. ಎರಡನೇ ದಿನ ಐದೂ ಸೊನ್ನೆ.

ಆರನೇ ದಿನ ಕಾಲೇಜಿಗೆ ಹೋಗಲು ಟ್ರೈನ್ ಹತ್ತಿದೆ. ರೆಪ್ಪೆ ಕೂಡದ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಪಕ್ಕದಲ್ಲಿದ್ದ ಹೂವಿನ ಬುಟ್ಟಿಯ ಅಜ್ಜಿ ನನ್ನ ಮೊಣಕಾಲು ತಟ್ಟಿ, "ಅಳಾದಮ್ಮಾ, ಎಲ್ಲಾಂ ಸರಿಯಾಪೋಯಿಡುಂ," ಎಂದರು. ಅಳಬೇಡ, ಎಲ್ಲ ಸರಿಹೋಗುತ್ತೆ. ನಾನು ಅಳುತ್ತಿರಲಿಲ್ಲ. ಹಾಗೆಂದು ಹೇಳಲು ಹೋದೆ. ಅಷ್ಟರಲ್ಲಿ ನಿಜವಾಗಿ ಅಳು ಬಂತು. ನೋಡುವವರಿಗೆ ಎರಡರಲ್ಲಿ ಯಾವ ವ್ಯತ್ಯಾಸವೂ ತಿಳಿಯುವಂತಿರಲಿಲ್ಲ.

ಒಂಬತ್ತನೇ ದಿನ, ಮಧ್ಯಾಹ್ನದ ಊಟ. ಅಮ್ಮ ನನಗೆಂದೇ ಮೊಳಕೆ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ನಾಲಿಗೆಯ ಎಡಭಾಗಕ್ಕೆ ರುಚಿಯೇ ಇರಲಿಲ್ಲ. ತುತ್ತು ಜಾರದಂತೆ ಬೆರಳಲ್ಲಿ ತುಟಿ ಒತ್ತಿಕೊಂಡು ತಿನ್ನುತ್ತಿದ್ದೆ.

"ಹೆಂಗಿದೆ?"

ತಲೆಯಾಡಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ ಸೌಟನ್ನು ಪಾತ್ರೆಗೆ ಎತ್ತಿ ಹಾಕಿದಳು.

"ಒಂಬತ್ತು ದಿನದಿಂದ ನೋಡ್ತಾ ಇದೀನಿ. ಕೋಪಾನೋ, ನೋವೋ, ಬೇಜಾರೋ, ಏನೂ ಗೊತ್ತಾಗಲ್ಲ ನಂಗೆ. ಮುಂಚೆ ಮುಖ ನೋಡಿದ್ರೆ ಸಾಕಿತ್ತು. ಈಗ ಕಲ್ಲಿನ ಮುಂದೆ ಕೂತಂಗಿದೆ ಕಣೇ."

ಆಗ ನನಗೆ ನನ್ನ ತಪ್ಪು ಹೊಳೆಯಿತು. ಆ ಪುಸ್ತಕಗಳಲ್ಲಿ ನಾನು ಮೆಚ್ಚಿದ್ದು ಅಲುಗದ ಮುಖವನ್ನಲ್ಲ. ಮುನ್ನೂರು ಪುಟ ಸುಮ್ಮನಿದ್ದು, ಕೊನೆಗೊಮ್ಮೆ ಸಪಾಟು ಧ್ವನಿಯಲ್ಲಿ ಅವರು ತಮಗೇನಾಗುತ್ತಿದೆ ಎಂದು ಹೇಳುವ ಆ ಒಂದು ಮಾತಿಗಾಗಿ ನಾನು ಪುಟ ತಿರುಗಿಸುತ್ತಿದ್ದೆ. ನಾನು ಮುಖವನ್ನು ಕಲಿತಿದ್ದೆ, ಮಾತನ್ನು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅಂಥ ಮಾತು ಯಾರೂ ಆಡಿದವರಲ್ಲ. ಮುಖ ಇತ್ತಲ್ಲ, ಅಗತ್ಯವೇ ಬಿದ್ದಿರಲಿಲ್ಲ.

ತುತ್ತು ನುಂಗಿದೆ. "ಅಮ್ಮ, ನಂಗೆ ಭಯ ಆಗಿದೆ. ಇದು ಹಿಂಗೇ ಉಳಿದುಬಿಡುತ್ತೆ ಅಂತ."

ಹುಟ್ಟಿದಾಗಿನಿಂದ ಮೊದಲ ಸಲ ಅಮ್ಮನಿಗೆ ಆ ಮಾತು ಹೇಳಿದ್ದು.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. "ನಂಗೂ ಆಗಿದೆ," ಎಂದಳು. ಆಮೇಲೆ, "ಬಸ್ಸಾರು?"

"ಅರ್ಧ ನಾಲಿಗೆಗೆ ತುಂಬಾ ಚೆನ್ನಾಗಿದೆ. ಈಗ ನಗ್ತಾ ಇದೀನಿ."

ಸಂಜೆ ಆರನೆಯ ಕಾಲಂ ಎಳೆದು "ಹೇಳಿದ್ದು" ಎಂದು ಬರೆದೆ. ಮೊದಲ ಐದರಲ್ಲಿ ಸೊನ್ನೆ. ಆರನೆಯದರಲ್ಲಿ ಅಂಕವಲ್ಲ, ಎಣಿಕೆ: ಭಯ, ನಗು, ಎರಡು.

ಮನೆಗೆಲ್ಲ ಈ ಹೇಳುವ ಅಭ್ಯಾಸ ಅಂಟಿತು. "ನಂಗೀಗ ಸಿಟ್ಟು ಬಂದಿದೆ, ಕುಕ್ಕರ್ ಗ್ಯಾಸ್ಕೆಟ್ ಸಿಕ್ತಿಲ್ಲ," ಎಂದು ಅಮ್ಮ ಅಡುಗೆಮನೆಯಿಂದ ಪ್ರಕಟಿಸುವಳು. ಆಫೀಸಿನಿಂದ ಬಂದ ಅಪ್ಪ ಬಾಗಿಲಲ್ಲೇ ಶೂ ಬಿಚ್ಚುತ್ತಾ, "ಸುಸ್ತು. ದುಃಖ ಏನಿಲ್ಲ," ಎಂದು ವರದಿ ಒಪ್ಪಿಸುವರು. ಹದಿನೇಳನೇ ದಿನ ಆರನೆಯ ಕಾಲಮ್ಮಿನಲ್ಲಿ ಹದಿನಾಲ್ಕು. ಉಳಿದವು ಹಾಗೇ ಇದ್ದವು.

ಹತ್ತೊಂಬತ್ತನೇ ದಿನ ಕನ್ನಡಿ ಮುಂದೆ ಕೆನ್ನೆ ಉಬ್ಬಿಸುವ ವ್ಯಾಯಾಮ ಮಾಡುತ್ತಿದ್ದೆ. ಹಿಂದೆ ನಿಂತ ಅನಘ ನನ್ನನ್ನೇ ಅಣಕಿಸಿದಳು. ನಗು ಬಂತು. ಅವಳು ತಟ್ಟನೆ ನಿಂತಳು.

"ಅಕ್ಕ, ಇನ್ನೊಂದ್ಸಲ ನಗು."

ಕನ್ನಡದಲ್ಲಿ.

ಎಡತುಟಿಯ ಮೂಲೆ ಅಲುಗಿತ್ತು. ಸಾಸಿವೆಯಷ್ಟು. ಡೈರಿಯಲ್ಲಿ ತುಟಿಯ ಕೆಳಗೆ ಅರ್ಧ ಅಂಕ ಬರೆದೆ. ಅನಘ ಪೆನ್ನು ಕಿತ್ತುಕೊಂಡು ಅದನ್ನು ಒಂದು ಮಾಡಿದಳು. ತಿದ್ದಿದ ಅಂಕವನ್ನು ನಾನು ಹಾಗೇ ಬಿಟ್ಟಿದ್ದು ಅದೊಂದೇ ಸಲ.

ಈಗ ಎಂಟನೆಯ ವಾರ. ನಾಲ್ಕು ಕಾಲಮ್ಮಿನಲ್ಲಿ ಐದಕ್ಕೆ ಐದು. ಹಣೆಗೆ ನಾಲ್ಕು. ಸುಸ್ತಾದ ದಿನ ಎಡಹುಬ್ಬು ಸ್ವಲ್ಪ ತಡವಾಗಿ ಏಳುತ್ತದೆ. ಅದೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರ್. ಟೇಪಿನ ಸುರುಳಿ ಔಷಧಿ ಡಬ್ಬಿಯಲ್ಲೇ ಇದೆ, ಎಸೆದಿಲ್ಲ.

ನಿನ್ನೆ ಅಮ್ಮ ಮತ್ತೆ ಬಸ್ಸಾರು ಮಾಡಿದ್ದಳು. ಇಡೀ ನಾಲಿಗೆಗೆ ರುಚಿ ತಿಳಿಯಿತು. ನನ್ನ ಮುಖ ಎರಡೂ ಕಡೆ ಅಗಲವಾದದ್ದು ನನಗೇ ಗೊತ್ತಾಯಿತು. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು.

"ಹೆಂಗಿದೆ?"

"ಮುಖ ನೋಡಿದ್ರೆ ಗೊತ್ತಾಗಲ್ವಾ ಅಮ್ಮ?"

"ಗೊತ್ತಾಗುತ್ತೆ. ಆದ್ರೂ ಹೇಳು."