ಚೂರಿಯಿಲ್ಲದ ಇಕ್ಕಳ

ಬನ್ನಂಜೆಯ ವಿನೋದಾ ಟೀಚರ್ ಮನೆಯ ಅಡುಗೆಕೋಣೆಯಲ್ಲಿ ತುದಿ ನೆಟ್ಟಗಿದ್ದ ಚೂರಿ ಒಂದೂ ಇರಲಿಲ್ಲ. ಕುಕ್ಕರಿನ ಹಿಡಿ ಸಡಿಲವಾದರೆ ಚೂರಿಯ ತುದಿ, ಸ್ಟವ್ವಿನ ಪೈಪು ಕಳಚಿದರೆ ಚೂರಿಯ ತುದಿ, ಅತ್ತೆಯ ಕನ್ನಡಕದ ಕಡ್ಡಿ ಅಲುಗಾಡಿದರೂ ಚೂರಿಯ ತುದಿ. ಮನೆಯಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲವೆಂದಲ್ಲ. ಇತ್ತು, ಗಂಡ ದೇವದಾಸನ ಸ್ಕೂಟರಿನ ಡಿಕ್ಕಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟರು ಬ್ಯಾಂಕಿಗೆ ಹೊರಟರೆ ಸ್ಕ್ರೂಡ್ರೈವರೂ ಬ್ಯಾಂಕಿಗೆ ಹೋಗುತ್ತಿತ್ತು. ಇಡೀ ದಿನ ಅಲ್ಲಿ ನೆರಳಲ್ಲಿ ಮಲಗಿದ್ದು ಸಂಜೆ ಮರಳುತ್ತಿತ್ತು. ಅಷ್ಟರಲ್ಲಿ ಸಡಿಲವಾದದ್ದನ್ನೆಲ್ಲ ವಿನೋದಾ ಬಿಗಿ ಮಾಡಿ, ಅನ್ನ ಬೇಯಿಸಿ, ಬಸ್ಸು ಹತ್ತಿ ಶಾಲೆಗೆ ಹೋಗಿ ಬಂದಿರುತ್ತಿದ್ದಳು. ಅದನ್ನು ಆ ಮನೆಯಲ್ಲಿ ಯಾರೂ ರಿಪೇರಿ ಎಂದು ಕರೆದದ್ದಿಲ್ಲ.

ಅವಳು ಹುಟ್ಟಿ ಬೆಳೆದದ್ದು ಬಜಗೋಳಿಯಲ್ಲಿ. ಹತ್ತನೇ ಕ್ಲಾಸು ಮುಗಿದಾಗ ಐಟಿಐಗೆ ಸೇರುತ್ತೇನೆ ಅಂದಿದ್ದಳು. "ಫಿಟ್ಟರ್ ಹುಡುಗಿಯನ್ನು ಯಾರು ಮದುವೆ ಆಗ್ತಾರೆ ಮಾರಾಯ್ತಿ?" ಎಂದು ಅಪ್ಪ ನಕ್ಕು ಹೊಲಿಗೆ ತರಬೇತಿಗೆ ಕಳಿಸಿದರು. ಹೊಲಿಗೆ ಕಾಪು ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲಸ ಕೊಡಿಸಿತು. ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಕಸೂತಿ. ಹನ್ನೊಂದು ವರ್ಷ ಅವಳು ಕಸೂತಿ ಕಲಿಸಿದಳು. ಪ್ರತಿ ವರ್ಷ ವಸ್ತುಪ್ರದರ್ಶನಕ್ಕೆ ಒಂದು ದೊಡ್ಡ ಮೇಜಿನ ಬಟ್ಟೆ ತಯಾರಾಗುತ್ತಿತ್ತು. ಆ ಶಾಲೆಯಲ್ಲಿ ಅಷ್ಟು ಮೇಜುಗಳೇ ಇರಲಿಲ್ಲ.

2002ರ ಜುಲೈಯ ಒಂದು ಶುಕ್ರವಾರ, ಎಂಟನೇ ಕ್ಲಾಸಿನಲ್ಲಿ ಹೊಲಿಗೆ ಮಿಷಿನ್ನಿನ ಸ್ಕ್ರೂ ಸಡಿಲವಾಯಿತು. ವಿನೋದಾ ಅಭ್ಯಾಸಬಲದಿಂದ ಕತ್ತರಿಯ ತುದಿಯನ್ನು ಅದಕ್ಕೆ ಒತ್ತಿದಳು. ಒತ್ತಿದವಳು ಹಾಗೇ ತಲೆಯೆತ್ತಿ ಕೇಳಿದಳು:

"ನಿಮ್ಮ ಮನೆಯಲ್ಲಿ ಕುಕ್ಕರಿನ ಹಿಡಿ ಬಿಗಿ ಮಾಡುವುದು ಯಾರು?"

"ಅಮ್ಮ!"

"ಯಾವುದರಲ್ಲಿ?"

"ಚೂರಿಯಲ್ಲಿ!" ಇಪ್ಪತ್ನಾಲ್ಕು ಹುಡುಗಿಯರದೂ ಒಂದೇ ಉತ್ತರ.

"ನಮ್ಮಲ್ಲಿ ನಾನೇ ಟೀಚರ್," ಎಂದು ಚೈತಾಲಿ ಎದ್ದು ನಿಂತು ಅಂಗೈ ತೋರಿಸಿದಳು. ಚೂರಿ ಜಾರಿದ ಉದ್ದ ಗೆರೆಯೊಂದು ಅಲ್ಲಿತ್ತು. ಹುಡುಗಿ ಅದನ್ನು ಬಹುಮಾನದ ಹಾಗೆ ಎಲ್ಲರ ಕಡೆಗೂ ತಿರುಗಿಸಿದಳು.

ಮಧ್ಯಾಹ್ನ ವಿನೋದಾ ಮುಖ್ಯೋಪಾಧ್ಯಾಯ ಹೆರಾಲ್ಡ್ ಸರ್ ಮುಂದೆ ನಿಂತಿದ್ದಳು. ಈ ವರ್ಷ ಕಸೂತಿ ಬೇಡ, ರಿಪೇರಿ ಕಲಿಸುತ್ತೇನೆ. ದಾರಕ್ಕೆ ಇಟ್ಟ ಹಣದಲ್ಲೇ ಪ್ರತಿ ಹುಡುಗಿಯ ಚೀಲದಲ್ಲಿ ಒಂದು ಉಪಕರಣ ಇರಲಿ ಎಂದಳು.

"ಚೀಲದಲ್ಲಿ ಯಾಕೆ ಟೀಚರ್? ಕಪಾಟಿನಲ್ಲಿ ಇಟ್ಟರೆ ಆಗುವುದಿಲ್ವಾ?"

"ಕಪಾಟಿನದ್ದು ಮನೆಗೆ ಹೋಗುವುದಿಲ್ಲ ಸರ್. ಸಡಿಲ ಆದದ್ದೆಲ್ಲ ಇರುವುದು ಮನೆಯಲ್ಲಿ."

ಹೆರಾಲ್ಡ್ ಸರ್ ಕೆಟ್ಟವರಲ್ಲ, ನಿಯಮದವರು. "ಪೆನ್ಸಿಲ್ ಕೆತ್ತುವ ಬ್ಲೇಡನ್ನೇ ನಾನು ಬಿಡುವುದಿಲ್ಲ. ಅಲಗು ಇಲ್ಲದ್ದು ಯಾವುದಾದರೂ ಉಂಟಾದರೆ ಮುಂದಿನ ಶನಿವಾರದೊಳಗೆ ತಂದು ತೋರಿಸಿ. ಇಲ್ಲದಿದ್ದರೆ ಮೇಜಿನ ಬಟ್ಟೆ."

ಗುರುವಾರ ಬೆಳಿಗ್ಗೆ ದೇವದಾಸ ಅಡುಗೆಕೋಣೆಗೆ ಇಣುಕಿದ. "ಕುಕ್ಕರಿನ ಹಿಡಿ ಎಲ್ಲಿ?"

"ನನ್ನ ಚೀಲದಲ್ಲಿ."

"ಚೀಲದಲ್ಲಿ ಎಂತಕ್ಕೆ?"

"ಪೇಟೆ ತೋರಿಸ್ಲಿಕ್ಕೆ. ಇವತ್ತು ಅನ್ನ ಪಾತ್ರೆಯಲ್ಲಿ ಬೆಂದಿದೆ, ಬಸಿದು ಹಾಕಿಕೊಳ್ಳಿ."

ಸಂಜೆ ಉಡುಪಿಯಲ್ಲಿ ಬಸ್ಸಿಳಿದವಳು ಮುದ್ದಣ್ಣನ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಚೀಲ ಬಿಚ್ಚಿ ಕುಕ್ಕರಿನ ಹಿಡಿ, ಅತ್ತೆಯ ಹಳೆ ಕನ್ನಡಕ, ಸ್ಟವ್ವಿನ ಪೈಪಿನ ಕ್ಲಿಪ್ಪು, ನಲ್ಲಿಯ ತಲೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಎಂತ ಟೀಚರ್, ಗುಜರಿ ವ್ಯಾಪಾರ ಶುರು ಮಾಡಿದ್ರಾ?"

"ಪರೀಕ್ಷೆ, ಮುದ್ದಣ್ಣ. ಇವನ್ನೆಲ್ಲ ಬಿಗಿ ಮಾಡುವ ಒಂದೇ ಸಾಮಾನು ಬೇಕು. ಚೂರಿ ಇರಬಾರದು."

ಮುದ್ದಣ್ಣ ಮೊದಲು ತೆಗೆದದ್ದು ಹದಿನೈದು ಬಗೆಯ ಉಪಕರಣ ಒಂದರಲ್ಲೇ ಮಡಚಿಟ್ಟದ್ದು. ಬಿಚ್ಚಿದರೆ ಹೊರಗೆ ಬಂದದ್ದು ಮೂರು ಚೂರಿ, ಒಂದು ಗರಗಸ.

"ಇದರಲ್ಲಿ ಮೀನು ಕೂಡ ಕೊಯ್ಯಬಹುದು."

"ಕೊಯ್ಯುವುದು ಗೊತ್ತುಂಟು ನಮಗೆ. ಬಿಗಿ ಮಾಡುವುದು ಕೊಡಿ."

"ಹೆಣ್ಣುಮಕ್ಕಳಿಗಾ? ಮೊದಲೇ ಹೇಳ್ಬಾರ್ದಾ!" ಎಂದು ಗುಲಾಬಿ ಬಣ್ಣದ ಪುಟ್ಟ ಡಬ್ಬಿ ತಂದ. ಒಳಗೆ ಉಗುರು ಕತ್ತರಿಸುವುದು, ಒಂದು ಬಾಚಣಿಗೆ, ಒಂದು ಕನ್ನಡಿ.

"ಕನ್ನಡಿಯಲ್ಲಿ ನಲ್ಲಿ ಮುಖ ನೋಡಿಕೊಂಡರೆ ನೀರು ಸೋರುವುದು ನಿಲ್ತದಾ?"

ಮೊಳೆ ಕೊಳ್ಳಲು ಬಂದಿದ್ದ ಇಬ್ಬರು ಗಂಡಸರು ಮೊಳೆ ಮರೆತು ನಿಂತರು. ಮೂರನೆಯದ್ದು ಬರೀ ಸ್ಕ್ರೂಡ್ರೈವರುಗಳ ಗೊಂಚಲು. ನಲ್ಲಿಯ ಎದುರು ಸೋತಿತು. ನಾಲ್ಕನೆಯದ್ದಕ್ಕೆ ಹಿಡಿತವಿತ್ತು, ಆದರೆ ಒತ್ತುವಾಗ ಮಡಚಿಕೊಂಡು ಬೆರಳು ಕಚ್ಚಿತು. ಕೊನೆಗೆ ಮುದ್ದಣ್ಣ ಏಣಿ ಹತ್ತಿ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದ.

"ಇದು ಮುಂಬಯಿಯಿಂದ ಬಂದು ಎರಡು ವರ್ಷ ಆಯ್ತು. ಎರಡು ಡಜನ್ ಉಂಟು, ಒಂದೂ ಹೋಗ್ಲಿಲ್ಲ. ಚೂರಿ ಇಲ್ಲ ನೋಡಿ. ಗಂಡಸರು ತಿರುಗಿಸಿ ನೋಡಿ ಅಲ್ಲೇ ಇಡ್ತಾರೆ."

ಅಂಗೈಯಗಲದ ಇಕ್ಕಳ. ಹಿಡಿಯೊಳಗೆ ಮಡಚಿಟ್ಟ ಒಂದು ಚಪ್ಪಟೆ ಸ್ಕ್ರೂಡ್ರೈವರು, ಒಂದು ನಕ್ಷತ್ರದ ತುದಿಯದ್ದು, ಕನ್ನಡಕಕ್ಕೆ ಆಗುವ ಸೂಜಿಯಂಥದ್ದೊಂದು. ವಿನೋದಾ ಅಲ್ಲಿದ್ದ ಹೂಜಿಯ ನೀರಿನಲ್ಲಿ ಕೈ ತೋಯಿಸಿಕೊಂಡಳು.

"ಅದೆಂತದು ಟೀಚರ್?"

"ನಮ್ಮ ಕೈ ಒಣಗಿರುವುದು ಯಾವಾಗ ಮುದ್ದಣ್ಣ?"

ಒದ್ದೆ ಕೈಗೂ ಅದು ಜಾರಲಿಲ್ಲ. ಬಿಚ್ಚುವಾಗ ಉಗುರೂ ಮುರಿಯಲಿಲ್ಲ. ಕುಕ್ಕರಿನ ಹಿಡಿಯ ಸ್ಕ್ರೂ ಕೂತಿತು, ನಲ್ಲಿ ಬಿಗಿಯಾಯಿತು, ಕ್ಲಿಪ್ಪು ಬಿಗಿಯಾಯಿತು, ಕನ್ನಡಕದ ಕಡ್ಡಿ ನೆಟ್ಟಗೆ ಕೂತಿತು. ಸಡಿಲವಾಗಿದ್ದ ಮುದ್ದಣ್ಣನ ತಕ್ಕಡಿಯ ಕೊಂಡಿಯನ್ನೂ ಅವಳು ಹಾಗೇ ಒಂದು ಸುತ್ತು ತಿರುಗಿಸಿಬಿಟ್ಟಳು. ಮೊಳೆಯ ಗಿರಾಕಿಗಳಲ್ಲೊಬ್ಬ, "ನನಗೂ ಒಂದು ಕೊಡಿ," ಎಂದ.

"ಇಲ್ಲ ಮಾರಾಯ, ಪೆಟ್ಟಿಗೆ ಟೀಚರ್‌ರದ್ದು," ಎಂದ ಮುದ್ದಣ್ಣ. ಅವಳು ಮಾದರಿಗೆಂದು ಒಂದನ್ನು ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಹೆರಾಲ್ಡ್ ಸರ್ ಅದರ ಮಡಿಕೆಗಳನ್ನೆಲ್ಲ ಬಿಚ್ಚಿದರು, ಮುಚ್ಚಿದರು, ತಲೆಯಾಡಿಸಿದರು. ವಿನೋದಾ ಅದಕ್ಕೆ ಕೈ ಚಾಚುವಷ್ಟರಲ್ಲಿ ಇಕ್ಕಳದ ಬುಡಕ್ಕೆ ಬೆರಳಿಟ್ಟರು. "ಇಲ್ಲಿ ಎಂತದೋ ಹರಿತ ಉಂಟಲ್ಲ?"

"ತಂತಿ ತುಂಡು ಮಾಡುವ ಜಾಗ ಸರ್."

ಅವರು ಕಾಗದ ಇಟ್ಟು ಒತ್ತಿದರು. ಬರೀ ಗುರುತು ಬಿತ್ತು. ಅಂಗಿಯ ತೋಳಿನ ಎಳೆಯೊಂದನ್ನು ಇಟ್ಟು ಒತ್ತಿದರು. ತುಂಡಾಯಿತು.

"ನೋಡಿದ್ರಾ? ಕತ್ತರಿಸ್ತದೆ. ಹುಡುಗಿಯರ ಚೀಲದಲ್ಲಿ ಕತ್ತರಿಸುವಂಥದ್ದು ಇರಬಾರದು ಟೀಚರ್. ನಾನೇನು ಮಾಡಲಿ?"

ಇಕ್ಕಳ ಮೇಜಿನ ಮೇಲೆ, ಅವರ ಕಡೆಗೇ ಉಳಿಯಿತು. ಹೊರಗೆ ಬಾಗಿಲಲ್ಲಿ ಚೈತಾಲಿ ಮತ್ತು ಅವಳ ಪಟಾಲಂ ಕಿವಿಯಾನಿಸಿ ನಿಂತಿತ್ತು. ವಿನೋದಾಳಿಗೆ ಮೇಜಿನ ಬಟ್ಟೆಯ ಹೂವುಗಳೆಲ್ಲ ಒಮ್ಮೆಗೇ ಕಣ್ಣೆದುರು ಅರಳಿದವು. ಆಮೇಲೆ ಅವಳು ಬಾಗಿಲ ಕಡೆ ತಿರುಗಿದಳು.

"ಚೈತಾಲಿ, ನಿನ್ನ ಕಸೂತಿಯ ಡಬ್ಬಿ ತೆಗೊಂಡು ಬಾ."

ಹುಡುಗಿ ಓಡಿ ಹೋಗಿ ತಂದಳು. ವಿನೋದಾ ಡಬ್ಬಿಯಿಂದ ಚೂಪು ಮೂತಿಯ, ಆರಿಂಚಿನ ಕತ್ತರಿಯನ್ನು ತೆಗೆದು ಇಕ್ಕಳದ ಪಕ್ಕ ಇಟ್ಟಳು.

"ಹನ್ನೊಂದು ವರ್ಷದಿಂದ ಪ್ರತಿ ಹುಡುಗಿಯ ಚೀಲದಲ್ಲೂ ಇದು ಉಂಟು ಸರ್. ತರದಿದ್ದವರಿಗೆ ನೀವೇ ಬೈದಿದ್ದೀರಿ."

"ಅದು ಬೇರೆ, ಟೀಚರ್. ಅದು ಹೊಲಿಗೆಯ ಕತ್ತರಿ ಅಲ್ವಾ?"

"ಹೇಗೆ ಬೇರೆ ಸರ್?"

ಹೆರಾಲ್ಡ್ ಸರ್ ಕತ್ತರಿ ಎತ್ತಿ ತುದಿಯನ್ನು ಬೆರಳಿಗೆ ತಾಗಿಸಿ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು. ಕೈ ಎಳೆದುಕೊಂಡದ್ದಕ್ಕೆ ತಮಗೇ ನಗು ಬಂದು, ನಗುತ್ತಾ ನಗುತ್ತಾ ಕೆಮ್ಮಿದರು. "ಹೇಗೆ ಬೇರೆ ಅಂತ ನನಗೂ ಗೊತ್ತಾಗುವುದಿಲ್ಲ ಮಾರಾಯ್ರೆ. ಕತ್ತರಿಗಳೆಲ್ಲ ಕಪಾಟಿಗೆ ಬರಲಿ. ಇದು ಚೀಲಕ್ಕೆ ಹೋಗಲಿ."

ಬಾಗಿಲಲ್ಲಿ ಎದ್ದ ಕೂಗಿಗೆ ಪಕ್ಕದ ಕ್ಲಾಸಿನ ಪಾಠ ನಿಂತಿತು.

ಮುಂದಿನ ಶುಕ್ರವಾರ ಇಕ್ಕಳಗಳನ್ನು ಹಂಚಿದ್ದೇ ತಡ, ಶಾಲೆಯಲ್ಲಿ ಸಡಿಲ ಸ್ಕ್ರೂ ಒಂದೂ ಉಳಿಯಲಿಲ್ಲ. ಬಿಗಿ ಮಾಡಲು ಏನೂ ಸಿಗದವರು ಬಿಗಿಯಾಗಿದ್ದನ್ನೇ ಸಡಿಲ ಮಾಡಿ ಮತ್ತೆ ಬಿಗಿ ಮಾಡಿದರು. ಎಂಟನೇ ಕ್ಲಾಸಿನ ಹುಡುಗರು ನಮಗೂ ಬೇಕು ಎಂದು ಬಂದಾಗ ವಿನೋದಾ, "ಕೊಡುವ. ಮೊದಲು ಅಂಗಿಗೆ ಗುಂಡಿ ಹೊಲಿಯಲಿಕ್ಕೆ ಕಲಿಯಿರಿ," ಎಂದಳು. ಒಂಬತ್ತು ಹುಡುಗರು ಅಂದೇ ಸೂಜಿ ಹಿಡಿದು ಕೂತರು.

ಸೋಮವಾರ ಚೈತಾಲಿ ಗೇಟಿನಲ್ಲೇ ಕಾದಿದ್ದಳು. "ಟೀಚರ್, ಪಕ್ಕದ ಮನೆಯ ಮಾವ ಕಿಟಕಿಯ ಕೊಂಡಿ ಸರಿ ಮಾಡಲಿಕ್ಕೆ ಕರೆದರು. ಬನ್ನಿ ಮಾವ, ಇಕ್ಕಳ ನೀವೇ ಹಿಡಿಯಿರಿ, ನಾನು ತೋರಿಸ್ತೇನೆ ಅಂದೆ."

"ಹಿಡಿದರಾ?"

"ಹಿಡಿದರು ಟೀಚರ್. ಆದರೆ ಉಲ್ಟಾ ತಿರುಗಿಸಿದರು. ಆ ಮನೆಯ ಅತ್ತೆ ನಗ್ತಾ ನಗ್ತಾ ಕೆಳಗೆ ಕೂತುಬಿಟ್ಟರು. ಆಮೇಲೆ ಅತ್ತೆಯೇ ಎದ್ದು ಸರಿ ಮಾಡಿದರು."