ಬಿಳಿ ಪಟ್ಟೆಯ ಮೇಲೆ ಹುರುಳಿ

ಎರಡು ಸೀಮೆಹಸು, ಒಂದೂವರೆ ಎಕರೆ ಹೊಲ, ಅತ್ತೆ ಕದಿರಮ್ಮ, ಐದು ವರ್ಷದ ಮಗಳು ಲಿಖಿತ. ಇಷ್ಟನ್ನೂ ಸಂಭಾಳಿಸುವ ಆದಿಲಕ್ಷ್ಮಿಗೆ ಕೋಪಕ್ಕೆ ಪುರುಸೊತ್ತೆಲ್ಲಿ? ಆದರೂ ಮನೆ ಮುಂದಿನ ಬೇತಮಂಗಲದ ರಸ್ತೆ ಕಂಡರೆ ಅವಳ ಮೈ ಉರಿಯುತ್ತಿತ್ತು. ಮಗಳ ಶಾಲೆ ಆಚೆ ಬದಿಗೆ. ಹೋದ ತಿಂಗಳು ಯಾರೋ ಬಂದು ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ ಬಳಿದು, ಇಲ್ಲಿ ಗಾಡಿಯವರು ನಿಂತು ದಾರಿ ಬಿಡಬೇಕು ಎಂದು ಹೇಳಿ ಹೋಗಿದ್ದರು. ಒಬ್ಬನಾದರೂ ನಿಲ್ಲಬೇಕಲ್ಲ! ಮಗು ಕಂಡರೆ ಹಾರನ್ನು ಇನ್ನಷ್ಟು ಒತ್ತುತ್ತಿದ್ದರು.

ಸುಗ್ಗಿ ಬಂತು. ಊರಿನವರೆಲ್ಲರಂತೆ ಕದಿರಮ್ಮನೂ ಹುರುಳಿ ಗಿಡಗಳನ್ನು ರಸ್ತೆಗೆ ಹರವಿದಳು. ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮುಗಿಯುತ್ತದೆ. ಬಣ್ಣ ಬಳಿದ ಜಾಗ ನುಣ್ಣಗಿದೆ ಎಂದು ಹರವಿದ್ದು ಪಟ್ಟೆಯ ಮೇಲೆಯೇ. ಹೊರೆ ಹೊತ್ತು ಕೊಟ್ಟವಳು ಆದಿಲಕ್ಷ್ಮಿ.

ಮಾರನೆಯ ಬೆಳಿಗ್ಗೆ ಮಗಳ ಕೈ ಹಿಡಿದು ಅರ್ಧ ರಸ್ತೆ ದಾಟಿದ್ದಳು. ಹಾಲಿನ ವ್ಯಾನೊಂದು ಹುರುಳಿಯ ಮೇಲೆ ಜಾರಿಕೊಂಡು ಬಂದು, ಲಿಖಿತಳ ಬ್ಯಾಗಿಗೆ ಗೇಣು ದೂರದಲ್ಲಿ ನಿಂತಿತು. ಆಂಡರ್ಸನ್‌ಪೇಟೆಯ ಸೆಲ್ವರಾಜ್ ಓಡಿಸುವ ವ್ಯಾನು. ಪಟ್ಟೆ ಕಾಣುವುದಿಲ್ಲವೇ ಎಂದು ಅವಳು ಬೈದಳು.

“ಪಟ್ಟೆ ಎಲ್ಲೈತಮ್ಮಾ? ನಂಗೆ ಕಣ ಕಾಣ್ತೈತೆ. ಗಾಡಿ ಅರೀಲಿ ಅಂತ ತಾನೆ ಆಕಿರೋದು?”

ಆದಿಲಕ್ಷ್ಮಿ ಮಗಳನ್ನು ದಾಟಿಸಿ ಬಂದವಳೇ ಗಿಡಗಳನ್ನೆಲ್ಲ ಬಾಚಿ ಅಂಗಳಕ್ಕೆ ಸುರಿದಳು. ಇನ್ನು ನಾಲ್ಕು ದಿನ ಕೋಲಲ್ಲಿ ಬಡಿಯಬೇಕೆಂದು ಅತ್ತೆ ಗೊಣಗಿದಳು. “ಬಡಿಯಾನ ಬಿಡು ಅತ್ತೆ,” ಎಂದು ಆದಿಲಕ್ಷ್ಮಿ ಪೊರಕೆ ತಂದು ಪಟ್ಟೆಯನ್ನು ಗುಡಿಸಿದಳು.

ಮರುದಿನ ಪಟ್ಟೆ ಬೆಳ್ಳಗೆ ಕಾಣುತ್ತಿತ್ತು. ಆದರೂ ಎರಡು ಬೈಕು, ಒಂದು ಕಾರು ಅವಳ ಸೆರಗು ಹಾರಿಸುತ್ತಲೇ ಹೋದವು. ಹುರುಳಿ ತೆಗೆದದ್ದಾಯಿತು, ಇವರ ಕಣ್ಣಿನ ಪೊರೆ ಯಾರು ತೆಗೆಯಬೇಕು? ಅಷ್ಟರಲ್ಲಿ ದೂರದಲ್ಲಿ ಅದೇ ವ್ಯಾನು ಕಾಣಿಸಿತು. ಆದಿಲಕ್ಷ್ಮಿ ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಪಟ್ಟೆಯ ಮೇಲೆ ನಿಂತು ಕೈ ಎತ್ತಿದಳು.

ಸೆಲ್ವರಾಜ್ ಬ್ರೇಕು ಒತ್ತಿ ತಲೆ ಹೊರಹಾಕಿದ. “ಏನಮ್ಮಾ, ರೋಡು ನಿಮ್ಮಪ್ಪಂದಾ?”

“ರೋಡು ಯಾರಪ್ಪಂದೂ ಅಲ್ಲ. ಪಟ್ಟೆ ದಾಟೋರ್ದು. ನೆನ್ನೆ ಕಾಣ್ಲಿಲ್ಲ ಅಂದ್ಯಲ್ಲ, ಗುಡ್ಸಿ ಮಡ್ಗಿದೀನಿ. ಇವತ್ತೇನ್ ಯೇಳ್ತೀಯ, ಯೇಳು.”

ಸೆಲ್ವರಾಜ್ ತಲೆ ಒಳಗೆಳೆದುಕೊಂಡ. ಹಿಂದಿನಿಂದ ಬಸ್ಸು ಹಾರನ್ನು ಬಜಾಯಿಸಿದಾಗ ಕಿಟಕಿಯಿಂದ ಕೈ ಚಾಚಿ, ನಿಲ್ಲು ಎಂದು ಸನ್ನೆ ಮಾಡಿದ. ಲಿಖಿತ ಒಂದೊಂದೇ ಪಟ್ಟೆಯ ಮೇಲೆ ಕಾಲಿಡುತ್ತ ಆಚೆ ನಡೆದಳು. ಬೇಗ ನಡಿ ಎಂದು ತಾಯಿ ಅವಸರಪಡಿಸಲಿಲ್ಲ.