ಗೋಡೆಯಾಚೆಯ ಹುಳಿನೀರು

ನಮ್ಮ ಕಡೆ ಆ ಕಾಲದಲ್ಲಿ ಬ್ರೆಡ್ಡು ಎಂದರೆ ಕಾಯಿಲೆಯವರ ಊಟ. ಯಾರಾದರೂ ಅಂಗಡಿಯಲ್ಲಿ ಬ್ರೆಡ್ಡು ಕೊಂಡರೆ, "ಯಾರ್ಗೆ ಜ್ವರ?" ಎಂದೇ ಕೇಳುತ್ತಿದ್ದರು. ಯುದ್ಧ ಶುರುವಾದ ಮೇಲೆ ರೈಲಿನಲ್ಲಿ ಮಂಡ್ಯಕ್ಕೆ ಬರುತ್ತಿದ್ದ ಬ್ರೆಡ್ಡು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಎಲ್ಲ ಮಿಲಿಟರಿಗೆ ಹೋಗುತ್ತದೆ ಎಂದು ಅಂಗಡಿಯವನು ಕೈ ಅಲ್ಲಾಡಿಸುತ್ತಿದ್ದ. ನನ್ನ ತಮ್ಮನಿಗೆ ವಿಷಮಶೀತ ಜ್ವರ ಬಂದದ್ದು ಆಗಲೇ, ಒಂದು ಸಂಕ್ರಾಂತಿಯ ಆಸುಪಾಸಿನಲ್ಲಿ. ಅವನಿಗೆ ನಾಲ್ಕು ವರ್ಷ.

ಜ್ವರ ಇಳಿಯಿತು, ಮಗು ಮಾತ್ರ ಏಳಲಿಲ್ಲ. ಹಾಲು, ಬ್ರೆಡ್ಡು ಬಿಟ್ಟು ಬೇರೇನೂ ಕೊಡಕೂಡದೆಂದರು ಡಾಕ್ಟರು. ಬರೀ ಹಾಲನ್ನು ಅವನು ಕಕ್ಕುತ್ತಿದ್ದ. ಗಂಜಿಯ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದ. ಕತ್ತು ಸಣ್ಣಗಾಗಿ ತಲೆಯೊಂದೇ ದೊಡ್ಡದಾಗಿ ಕಾಣತೊಡಗಿತು. ಅವನ ಹತ್ತಿರ ಹೋಗಲು ನನಗೆ ಭಯವಾಗುತ್ತಿತ್ತು. ಅಪ್ಪ ಮಳವಳ್ಳಿಯಲ್ಲಿ ಗುಮಾಸ್ತೆ, ವಾರಕ್ಕೊಮ್ಮೆ ಬರುವವರು. ಮಂಡ್ಯದ ಪಕ್ಕದ ಗುತ್ತಲಿನ ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಮಾತು.

ಹಿತ್ತಲ ಗೋಡೆಯಾಚೆ ಬಸ್ಸು ರಿಪೇರಿ ಮಾಡುವ ಸಾಬರ ಸಂಸಾರ. ಅವರ ಹೆಂಡತಿ ಮದ್ದೂರಿನವರು. ಆಕೆಯ ತಂದೆ ಅಲ್ಲಿ ಬ್ರೆಡ್ಡು ಸುಟ್ಟು ಮಾರುತ್ತಿದ್ದರಂತೆ. ಬೇರೆಯವರು ಹೆಂಡ ಹಾಕಿ ಹಿಟ್ಟು ಉಬ್ಬಿಸುತ್ತಿದ್ದರೆ, ಇವರ ಮನೆಯಲ್ಲಿ ಹೆಂಡ ಮುಟ್ಟುವಂತಿಲ್ಲ. ಬೇಲಿಯ ಎಲಚಿಹಣ್ಣು ಜಜ್ಜಿ ಬೆಲ್ಲದ ನೀರಿನಲ್ಲಿ ನೆನೆಹಾಕಿ, ನೊರೆಯೆದ್ದ ಆ ಹುಳಿನೀರಿನಲ್ಲಿ ಗೋಧಿಹಿಟ್ಟು ಕಲಸುತ್ತಿದ್ದರು. ಉಪ್ಪು, ಜೀರಿಗೆ ಸೇರಿಸಿ, ದಪ್ಪ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಸುಡುವುದು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು, ಹೇಳುವ ಹಾಗಿರಲಿಲ್ಲ.

ವಿಷಯ ತಿಳಿದು ಆಕೆ ಗೋಡೆಯ ಹತ್ತಿರ ಬಂದು, "ಮಗೀಗೆ ನಾ ಸುಟ್ಕೊಡ್ತೀನಕ್ಕ" ಎಂದರು ಅವ್ವನಿಗೆ.

ಅಜ್ಜಿ ಅಡುಗೆಮನೆಯಿಂದಲೇ, "ಅವ್ರ್ ಮನೇದು ನಮ್ಗ್ ಬ್ಯಾಡ" ಎಂದರು.

"ಓಗ್ಲಿ, ಹುಳಿನೀರ್ ಒಂದ್ ಲೋಟ ತಕ್ಕೊಳಿ. ಹಿಟ್ಟು ನೀವೇ ಕಲ್ಸ್ಕೊಳಿ."

"ನೀರೂ ಅವ್ರ್ ಮನೇದೇ ಅಲ್ವಾ" ಎಂದರು ಅಜ್ಜಿ.

ಅಂಗಡಿಯ ಬ್ರೆಡ್ಡು ಸುಡುತ್ತಿದ್ದವರೂ ಸಾಬರೇ. ಅಜ್ಜಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಕಾಗದ ಸುತ್ತಿಕೊಂಡು ಬಂದದ್ದಕ್ಕೆ ಜಾತಿ ಇಲ್ಲ, ಗೋಡೆ ದಾಟಿ ಬಂದದ್ದಕ್ಕೆ ಇದೆ. ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಭಾನುವಾರ ಅವ್ವ ಕೇಳಿದಾಗ ಅಪ್ಪ, "ನಮ್ಮವ್ವ ಯೋಳ್ದಂಗ್ ಮಾಡು" ಎಂದು ಪಂಚೆ ಕೊಡವಿಕೊಂಡು ಎದ್ದರು. ಬುದ್ಧಿವಂತರು.

ಮಾತಿಗೆ ಮಾತ್ರ ಗೋಡೆ ಅಡ್ಡವಿರಲಿಲ್ಲ. ಆಕೆ ಆಚೆ ನಿಂತು ಹೇಳಿಕೊಟ್ಟರು, ಅವ್ವ ಈಚೆ ನಿಂತು ಕಲಿತಳು. "ಎಲಚಿ ತೊಳೀಬ್ಯಾಡಿ ಅಕ್ಕ, ಸಿಪ್ಪೆ ಮ್ಯಾಲಿರೋದೇ ಉಬ್ಸೋದು" ಎಂದು ಒತ್ತಿ ಹೇಳಿದರು. ನಾನೂ ಅವ್ವನೂ ನಾಲೆ ಏರಿಯ ಪೊದೆಗಳಲ್ಲಿ ಕೈಯೆಲ್ಲ ಮುಳ್ಳು ಗೀರಿಸಿಕೊಂಡು ಮಡಿಲು ತುಂಬ ಹಣ್ಣು ತಂದೆವು. ಅಜ್ಜಿ ಅದನ್ನು ಈಸಿಕೊಂಡು, "ಓಗೋರ್ ಬರೋರ್ ಎಂಜ್ಲು ಬಿದ್ದಿರ್ತದೆ, ಕಾಯ್ಲೆ ಮಗೀಗೆ ಕೊಡೋದು" ಎನ್ನುತ್ತ ಅರಿಸಿನದ ನೀರಿನಲ್ಲಿ ಉಜ್ಜಿ ತೊಳೆದು, ಮೇಲೆ ಕುದಿಯುವ ನೀರು ಸುರಿದರು. ಅವ್ವ ಆ ಹಣ್ಣನ್ನೇ ಜಜ್ಜಿ ಬೆಲ್ಲದ ನೀರಿನ ಜಾಡಿಗೆ ಹಾಕಿದಳು. ಅಜ್ಜಿ ಕೆಟ್ಟವರಲ್ಲ. ಮೊಮ್ಮಗನ ಪಾದ ತಿಕ್ಕುತ್ತ ಹಗಲೆಲ್ಲ ಕೂತಿರುತ್ತಿದ್ದರು. ಅವನು ಉಳಿಯಲೆಂದೇ ತೊಳೆದರು.

ಆ ಜಾಡಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ನಾಲ್ಕೈದು ದಿನ ಕಾದು, ಮುಗ್ಗಲು ಹಿಡಿದ ನೀರನ್ನು ತಿಪ್ಪೆಗೆ ಚೆಲ್ಲಿದೆವು. "ಬ್ರೆಡ್ಡು ಬಂತಾ?" ಎಂದು ಕೇಳುವುದನ್ನೂ ತಮ್ಮ ಅಷ್ಟರಲ್ಲಿ ಬಿಟ್ಟಿದ್ದ. ಗೋಡೆಯಾಚೆಯಾಕೆ ಈ ಸಲ ಹುಳಿನೀರಿನ ಲೋಟ ಹಿಡಿದುಕೊಂಡೇ ಬಂದರು. "ಈಗಾದ್ರೂ ತಕ್ಕೊಳಿ ಅಕ್ಕ." ಅವ್ವನ ಕೈ ಗೋಡೆಯ ಮೇಲಿತ್ತು. ಹಿಂದಿರುಗಿ ನೋಡಿದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದರು, ಏನೂ ಅನ್ನಲಿಲ್ಲ. ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

ಮತ್ತೆ ಹೋಗಿ ಹಣ್ಣು ತಂದೆವು. ಈ ಸಲ ಅವ್ವ ಸೆರಗಿನಲ್ಲಿ ಮರೆಮಾಡಿ, ತೊಳೆಯದೆ ಜಜ್ಜಿದಳು. ನೀರು ನೊರೆಯೆದ್ದಿತು. ರೇಷನ್ನಿನ ಗೋಧಿ ಬೀಸಿ, ಹಿಟ್ಟು ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು. ಮಾರನೆಯ ಬೆಳಿಗ್ಗೆ ಸುಡಬೇಕಿತ್ತು. ಬೆಳಕು ಹರಿಯುವಾಗ ತಮ್ಮ ಹೋಗಿಬಿಟ್ಟ.

ಮನೆ ತುಂಬ ಜನ ಸೇರಿದರು. ನೀರು ಕುಡಿಯಲು ನಾನು ಒಳಗೆ ಹೋದಾಗ, ಹಿಟ್ಟು ಬಟ್ಟೆಯನ್ನು ತಳ್ಳಿಕೊಂಡು ಪಾತ್ರೆಯ ಅಂಚು ಮೀರಿ ಕೆಳಗಿಳಿಯುತ್ತಿತ್ತು. ಬಹಳ ಚೆನ್ನಾಗಿ ಉಬ್ಬಿತ್ತು. 

ಬ್ರೆಡ್ಡಿಲ್ಲದೆ ಸತ್ತ ಎಂದು ನಾನು ಹೇಳಲಾರೆ. ಕರುಳು ಕೆಟ್ಟಿತ್ತು ಎಂದರು ಡಾಕ್ಟರು. ಅವ್ವ ಅದನ್ನು ನಂಬಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅವ್ವ ರಾಗಿ ಬೀಸುತ್ತಿದ್ದಳು. ಅಜ್ಜಿ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂತರು. "ಅವತ್ತು ಆ ಲೋಟ ಯಾಕ್ ಈಸ್ಕೊಳ್ನಿಲ್ಲ ನೀನು? ಈಸ್ಕೊಳ್ಲಿ ಅಂತ್ಲೇ ನಾ ಸುಮ್ಕ್ ನಿಂತಿದ್ದು" ಎಂದರು.

ಬೀಸುವ ಕಲ್ಲು ನಿಂತಿತು. ಅಜ್ಜಿಯ ದನಿಯಲ್ಲಿ ಬೈಗುಳವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ನೀವು ಊಂ ಅನ್ಲಿ ಅಂತ ನಾ ಕಾಯ್ತಿದ್ದೆ ಅತ್ತೆ" ಎಂದಳು ಅವ್ವ.